ಖೊಟ್ಟಿ ಕಾರ್ಡಿನ ಕಿಮ್ಮತ್ತು

ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಚುಯಿಂಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡುಗಳಿಗಾಗಿ ಹುಡುಗರು ಹೊಡೆದಾಡುತ್ತಿದ್ದರು. ನಾನೂ ಕಡಿಮೆಯೇನಿರಲಿಲ್ಲ. ಆದರೆ ನನ್ನ ಹತ್ತಿರವಿದ್ದ ಒಂದು ಕಾರ್ಡನ್ನು ಮಾತ್ರ ಯಾರೂ ಬದಲಿಗೆ ತೆಗೆದುಕೊಳ್ಳಲಿಲ್ಲ. ಫೋಟೋ ತಿರುವುಮುರುವಾಗಿ ಅಚ್ಚಾಗಿ, ಎಡಗೈ ಬ್ಯಾಟ್ಸ್‌ಮನ್ ಬಲಗೈಯವನಾಗಿಬಿಟ್ಟಿದ್ದ. “ಖೊಟ್ಟಿ ಐತಿದು, ನೀನ ಇಟ್ಕೋ” ಅಂದರು. ಇಟ್ಟುಕೊಂಡೆ. ಮದುವೆಯಾಗಿ ಸಿಂದಗಿಗೆ ಬರುವಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಅದೂ ಬಂತು.

ಹೋದ ವರ್ಷ, ಹಳೆ ಕಾರ್ಡು ಕೊಳ್ಳುವವರ ವಾಟ್ಸಾಪ್ ಗುಂಪಿನಲ್ಲಿ ಸುಮ್ಮನೆ ಅದರ ಫೋಟೋ ಹಾಕಿದೆ. ಪುಣೆಯ ವ್ಯಾಪಾರಿಯೊಬ್ಬ ಆವತ್ತೇ ಫೋನ್ ಮಾಡಿದ. ತಪ್ಪು ಅಚ್ಚಾದದ್ದಕ್ಕೇ ಅದಕ್ಕೆ ಬೆಲೆಯಂತೆ. ಅಂಥವು ಉಳಿದಿರುವುದೇ ಅಪರೂಪವಂತೆ. ಮೂಲೆ ಮಡಚಿರಬಾರದು, ಮೇಲೆ ಏನೂ ಅಂಟಿರಬಾರದು, ಅಷ್ಟಿದ್ದರೆ ಸಾಕು ಎಂದ. ಅವನು ಹೇಳಿದ ರೊಕ್ಕದಲ್ಲಿ ಒಂದು ಹಳೆ ಸ್ಕೂಟರ್ ಬರುತ್ತಿತ್ತು.

ಸ್ಕೂಟರ್ ನನಗೆ ಬೇಕೇ ಬೇಕಿತ್ತು. ನಾನು ಯಂಕಂಚಿಯಲ್ಲಿ ಶಾಲಾ ಶಿಕ್ಷಕಿ. ಗಂಡನ ನೌಕರಿ ಇಂಡಿಯಲ್ಲಿ, ಮನೆಯ ಬೈಕೂ ಅವರ ಜೊತೆಗೇ ಇಂಡಿಗೆ. ನನ್ನ ಪಾಲಿಗೆ ಟಂಟಂ ಆಟೋ. ಅದು ತುಂಬುವ ತನಕ ಹೊರಡುವುದಿಲ್ಲ, ತುಂಬಿದ ಮೇಲೂ ಇನ್ನಿಬ್ಬರನ್ನು ಹತ್ತಿಸಿಕೊಳ್ಳುತ್ತದೆ. ಯಾರದೋ ಮೊಣಕೈ ಪಕ್ಕೆಗೆ ತಿವಿಸಿಕೊಳ್ಳುತ್ತ ದಿನಾ ಹೋಗಿಬರುವುದು ನನಗೆ ಸಾಕುಸಾಕಾಗಿತ್ತು.

ಮನೆಯಲ್ಲಿ ನನ್ನ ಮಾವ ಇದ್ದಾರೆ, ನಿವೃತ್ತ ಗುಮಾಸ್ತರು. ಅವರ ಕೈಗೆ ಸಿಕ್ಕ ಯಾವ ಕಾಗದವೂ ಲ್ಯಾಮಿನೇಶನ್ ಆಗದೆ ಉಳಿಯುವುದಿಲ್ಲ. ರೇಷನ್ ಕಾರ್ಡು ಸರಿ, ನಮ್ಮ ಲಗ್ನಪತ್ರಿಕೆಗೂ ಪ್ಲಾಸ್ಟಿಕ್ ಹಾಕಿಸಿದ್ದಾರೆ. ನನ್ನ ಕಾರ್ಡನ್ನು ನೋಡಿ ಮೊದಲು, “ಈ ಚೂರಿಗೆ ಯಾವ ಹುಚ್ಚ ರೊಕ್ಕ ಕೊಡ್ತಾನವಾ?” ಅಂತ ನಕ್ಕಿದ್ದರು. ಬೆಲೆ ಕೇಳಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ನೋಡಿದರು.

ಮರುದಿನ ಶಾಲೆಯಿಂದ ಬಂದರೆ ಕಟ್ಟೆಯ ಮೇಲೆ ಕಾರ್ಡು ಹಿಡಿದುಕೊಂಡು ಕೂತಿದ್ದಾರೆ. ಫಳಫಳ ಹೊಳೆಯುತ್ತಿದೆ.

“ನೋಡವಾ, ಮಳಿ ಬರ್ಲಿ, ಇಲಿ ಬರ್ಲಿ, ಇನ್ನ ಏನೂ ಆಗಂಗಿಲ್ಲ.”

ಸಿಟ್ಟು ನೆತ್ತಿಗೇರಿತು. ಆದರೆ ಬಿಸಿಲಲ್ಲಿ ಲ್ಯಾಮಿನೇಶನ್ ಅಂಗಡಿಗೆ ನಡೆದು ಹೋಗಿಬಂದ ಆ ಮುಖ ನೋಡಿ ಏನು ಬೈಯುವುದು? “ಛಲೋ ಆತ್ರಿ ಮಾವಾರ” ಎಂದು ಒಳಗೆ ಹೋದೆ. ಆವತ್ತಿನ ರೊಟ್ಟಿಗಳು ನನ್ನ ಹೊಡೆತಕ್ಕೆ ಹಾಳೆಯಷ್ಟು ತೆಳ್ಳಗಾದವು.

ಪ್ಲಾಸ್ಟಿಕ್ ಕಿತ್ತರೆ ಚಿತ್ರವೂ ಕಿತ್ತುಬರುತ್ತದೆ, ಇನ್ನು ಅದಕ್ಕೆ ಕವಡೆ ಕಿಮ್ಮತ್ತಿಲ್ಲ ಎಂದು ವ್ಯಾಪಾರಿ ಫೋನ್ ಇಟ್ಟ. ನಾನು ಮಾವನಿಗೆ, “ಬೆಲೆ ಇನ್ನೂ ಏರತೈತಂತರಿ, ತಡದು ಮಾರೂಣು” ಎಂದುಬಿಟ್ಟೆ. ಅಲ್ಲಿಂದ ಶುರು. ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಕಾರ್ಡಿನ ದರ್ಶನ. ಪ್ರತಿ ಚಹಾಕ್ಕೂ ಅದರ ಬೆಲೆ ಏರುತ್ತಿತ್ತು. ನಾನು ತಲೆ ತಗ್ಗಿಸಿ ಕಪ್ಪು ಎತ್ತುತ್ತಿದ್ದೆ.

ತಿಂಗಳೊಪ್ಪತ್ತು ಕಳೆದಿರಬೇಕು. ಮನೆಯ ಮುಂದೆ ಒಂದು ಹಳೆ ಸ್ಕೂಟರ್ ಬಂದು ನಿಂತಿತು. ಮಾವ ಚಾವಿ ನನ್ನ ಕೈಗಿಟ್ಟರು. “ಕಾರ್ಡ್ ಮಾರಿದ ಮ್ಯಾಲ ರೊಕ್ಕ ತಿರುಗಿ ಕೊಡು. ಅಲ್ಲೀತನಕ ಅದು ನನ್ನ ಹಂತ್ಯಾಕ ಒತ್ತಿ ಇರ್ಲಿ.” ಕಾರ್ಡನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಖುಷಿಗಿಂತ ನನಗೆ ನಾಚಿಕೆಯೇ ಹೆಚ್ಚಾಯಿತು.

ಮುಂದಿನ ಸಂತೆಗೆ ಅವರನ್ನು ಹಿಂದೆ ಕೂಡಿಸಿಕೊಂಡು ದೇವರ ಹಿಪ್ಪರಗಿಗೆ ಹೊರಟೆ. ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ನಿಜ ಹೇಳಿಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಅವರೇ ಬಾಯಿ ಬಿಟ್ಟರು.

“ಪ್ಲಾಸ್ಟಿಕ್ ಹಾಕಿದ್ರ ಅಂಥಾ ಕಾರ್ಡಿನ ಕಿಮ್ಮತ್ತು ಹೋಗ್ತೈತಂತ. ಲ್ಯಾಮಿನೇಶನ್ ಅಂಗಡ್ಯಾಂವ ಮರುದಿನಾನ ಹೇಳಿದ.”

ಗಾಡಿ ಒಂದು ಸಲ ಓಲಾಡಿತು.

“ಮತ್ತ ಬಂದವರಿಗೆಲ್ಲ ಯಾಕ ತೋರಿಸಿದ್ರಿ? ಒತ್ತಿ ಯಾಕ ಇಟ್ಕೊಂಡ್ರಿ?”

“ನೀ ನನಗ ಒಂದ ಮಾತೂ ಬೈಲಿಲ್ಲಲ್ಲವಾ. ನಿನ್ನ ಸುಳ್ಳು ನಾ ಹೆಂಗ ಬಯಲಿಗಿಡ್ಲಿ?” ಅಂದರು. “ಮುಂದ ನೋಡಿ ಹೊಡಿ.”