ಗ್ಲಾಸಿನಲ್ಲಿದ್ದ ಗಂಡು ನೊಣ

ಓಡೆನ್ಸ ಊರಂಚಿನ ಬಾಡಿಗೆ ತೋಟಗಳಲ್ಲಿ ಗೂದ್ರುನಳದೇ ಅತಿ ಕೊಳಕು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಮಿಕ್ಕವರು ಅಳತೆಗೋಲು ಹಿಡಿದು ಬೇಲಿ ಕತ್ತರಿಸುವಾಗ, ಈ ನಿವೃತ್ತ ನರ್ಸಮ್ಮ ಕೊಳೆತ ಮರದ ಬುಡವೊಂದರ ಮುಂದೆ ಮಂಡಿಯೂರಿ ಸಾಸಿವೆ ಗಾತ್ರದ ನೊಣಗಳನ್ನು ನೋಡುತ್ತಿದ್ದಳು. ತೋಟದ ನೊಣಗಳಿಗೆಲ್ಲ ಅವಳ ಬಾಯಲ್ಲಿ ಹೆಸರಿತ್ತು. ಗಂಡ ಹೆನ್ನಿಂಗನ ಹೆಸರು ಮಾತ್ರ ಊಟದ ಹೊತ್ತಿಗಷ್ಟೇ ನೆನಪಾಗುತ್ತಿತ್ತು.

ಒಂದೇ ಒಂದು ಬಗೆಯ ನೊಣದ ಹೆಸರು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಬುಡದಲ್ಲಿ ಸಿಕ್ಕಿದ್ದೆಲ್ಲ ಹೆಣ್ಣು. ಜಾತಿ ತಿಳಿಯಬೇಕಾದರೆ ಗಂಡಿನ ಹಿಂಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಷ್ಟರಲ್ಲಿ ತೋಟಗಾರರ ಸಂಘದ ಅಧ್ಯಕ್ಷ ಪ್ರೆಬೆನ್, ಬುಡ ತೋಟಕ್ಕೆ ಕಳಂಕ, ವಾರದೊಳಗೆ ಕೀಳಿಸಿ ಎಂದ. ನೊಣ ಅಪರೂಪದ್ದೆಂದು ತೋರಿಸಿದರೆ ಮಾತ್ರ ಬಿಡುತ್ತಾನಂತೆ.

ಗಡುವಿನ ದಿನ ಮಧ್ಯಾಹ್ನ ಗಂಡು ನೊಣ ತಾನಾಗಿ ಬಂದು ಊಟದ ಮೇಜಿನ ಹೆರಿಂಗ್ ಮೀನಿನ ಮೇಲೆ ಕೂತಿತು. ನೊಣ ಮುಳುಗಿಸಿಡುವ ಸ್ಪಿರಿಟ್ ಮುಗಿದಿತ್ತು. ಗೂದ್ರುನ್ ಅದನ್ನು ತನ್ನ ಸ್ನಾಪ್ಸ್ ಮದ್ಯದ ಗ್ಲಾಸಿಗೇ ಮುಳುಗಿಸಿ, ಸೂಕ್ಷ್ಮದರ್ಶಕ ತರಲು ಒಳಗೋಡಿದಳು. ಆಗಲೇ ಪ್ರೆಬೆನ್ ಬಂದ.

"ಬನ್ನಿ ಅಧ್ಯಕ್ಷರೇ, ಕೂತ್ಕೊಳ್ಳಿ," ಎಂದ ಹೆನ್ನಿಂಗ್.

"ಕೂರೋಕೆ ಬಂದಿಲ್ಲ, ಬುಡ ಕೀಳಿಸೋಕೆ ಬಂದಿದೀನಿ."

"ಕಿತ್ತರಾಯ್ತು ಬಿಡಿ. ಮೊದ್ಲು ಗಂಟಲು ಒದ್ದೆ ಮಾಡ್ಕೊಳ್ಳಿ." ಒಳಗೇನಿದೆ ಎಂದು ನೋಡದೆ, ಹೆಂಡತಿಯ ತುಂಬಿದ್ದ ಗ್ಲಾಸನ್ನೇ ಮುಂದೆ ತಳ್ಳಿದ.

"ಸ್ಕೋಲ್!" ಎಂದು ಗ್ಲಾಸೆತ್ತಿ ಶುಭ ಕೋರಿ ಪ್ರೆಬೆನ್ ಒಂದೇ ಗುಟುಕಿಗೆ ಮುಗಿಸಿದ.

ಬಾಗಿಲಲ್ಲಿ ಗೂದ್ರುನ್ ಕಿರುಚಿದಳು: "ಅಯ್ಯೋ, ನನ್ನ ಗಂಡು!"

"ಇಲ್ಲೇ ಇದೀನಲ್ಲೇ."

"ನೀನಲ್ಲ ಮಾರಾಯ, ಗ್ಲಾಸಲ್ಲಿದ್ದದ್ದು! ಅವ್ರು ನುಂಗಿದ್ದು!"

ಪ್ರೆಬೆನ್ ಗಂಟಲು ಮುಟ್ಟಿಕೊಂಡ. ಎಷ್ಟಾದರೂ ನಿಯಮದ ಮನುಷ್ಯ. "ಸಾಕ್ಷಿ ನುಂಗಿದವನೇ ತೀರ್ಪು ಕೊಡೋದು ಚೆನ್ನಾಗಿರಲ್ಲ," ಎಂದ. "ಇನ್ನೊಂದು ಗಂಡು ಸಿಗೋವರೆಗೂ ಬುಡ ಇರ್ಲಿ. ಅದು ಮಾಮೂಲಿ ನೊಣ ಆಗಿದ್ರೆ ಮಾತ್ರ ಅವತ್ತೇ ಕೀಳ್ಬೇಕು. ಆಮೇಲೆ... ಈ ವಿಷ್ಯ ಸಭೇಲಿ ಎತ್ಬೇಡಿ."

ಈಗ ಪ್ರತಿ ಬೇಸಿಗೆಯೂ ಗಂಡು ನೊಣಗಳು ಬರುತ್ತವೆ. ಮೊನ್ನೆ ಒಂದು ಅವಳ ತೋಳಿನ ಮೇಲೇ ಕೂತಿತು.

"ಹಿಡಿಯೇ, ಹಿಡಿ! ಅದೇ ಅಲ್ವಾ?" ಎಂದ ಹೆನ್ನಿಂಗ್.

ಹೆಸರು ತಿಳಿಯದಿದ್ದರೆ ನಿದ್ದೆ ಹತ್ತದ ಹೆಂಗಸು. ಆದರೂ ಬಾಗಿ, ನೊಣವನ್ನು ಉಫ್ ಎಂದು ಮೆಲ್ಲಗೆ ಊದಿ ಬುಡದ ಕಡೆಗೆ ಹಾರಿಸಿದಳು.

"ಎಲ್ಲಿ? ನಂಗೇನೂ ಕಾಣ್ಲಿಲ್ಲಪ್ಪ," ಎಂದಳು.