ಎರಡನೆಯ ಚಾಪೆ

ಅಕ್ಕಲಕೋಟ ರಸ್ತೆಗೆ ಹತ್ತಿದ ನಮ್ಮ ಹಳ್ಳಿಯಲ್ಲಿ ಆಗ ಮುಸಲ್ಮಾನರ ಮನೆ ಒಂದೇ, ಮುಲಾಣಿ ಕಾಕಾನದು. ದೇವರಿಗೆ ಕುರಿ ಬಿಟ್ಟವರು ಕೊಯ್ಯಲು ಅವನನ್ನೇ ಕರೆಯುತ್ತಿದ್ದರು. ಉಳಿದ ದಿನ ಯಾರೂ ಕರೆಯುತ್ತಿರಲಿಲ್ಲ. ಮಧ್ಯಾಹ್ನ ಬೇವಿನ ನೆರಳಿನಲ್ಲಿ ನಮಾಜಿಗೆ ನಿಲ್ಲುವಾಗ ಎರಡು ಚಾಪೆ ಹಾಸುತ್ತಿದ್ದ. ಒಂದರ ಮೇಲೆ ತಾನು, ಇನ್ನೊಂದು ಖಾಲಿ. ಕೇಳಿದರೆ, "ಯಾರರೆ ಬರ್ತಾರೋ ತಮ್ಮಾ" ಅನ್ನುತ್ತಿದ್ದ.

ಒಮ್ಮೆ ಮಾತ್ರ ಒಬ್ಬ ಬಂದ. ಸೈಕಲ್ ಮೇಲೆ ಬಳೆ ಮಾರುತ್ತ ಹೊರಟವನು ಖಾಲಿ ಚಾಪೆ ಕಂಡು ಇಳಿದ. ಕೈಕಾಲು ತೊಳೆದು ಕಾಕಾನ ಪಕ್ಕದಲ್ಲಿ ನಮಾಜಿಗೆ ನಿಂತ. ಆಮೇಲೆ ನೀರು ಕುಡಿದು ಹೊರಟುಹೋದ. ಅವನ ಹೆಸರನ್ನೂ ಕೇಳಲಿಲ್ಲವೆಂದು ಕಾಕಾ ವರ್ಷಗಟ್ಟಲೆ ಹಳಹಳಿಸಿದ.

ಈಚೆಗೆ ಸೊಲ್ಲಾಪುರದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಪಾವರ್‌ಲೂಮ್ ನಡೆಸುವ ಮಂದಿ ನಮ್ಮಲ್ಲಿ ಪ್ಲಾಟು ಕೊಂಡು ಒಂದು ಓಣಿಯನ್ನೇ ಕಟ್ಟಿದರು. ಮಸೀದಿಯೂ ಆಯಿತು. ಒಂದು ಮಧ್ಯಾಹ್ನ ಅದರ ಮುಂದೆ ಹಾಯುವಾಗ ನೋಡಿದೆ. ಒಳಗೆ ಜನ ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದರು. ಕಾಕಾ ಹೊರಗಿನ ಪಡಸಾಲೆಯಲ್ಲಿ ತನ್ನ ಎರಡು ಚಾಪೆ ಹಾಸಿದ್ದ. ಖಾಲಿ ಚಾಪೆಯ ಮೇಲೆ ನಿಲ್ಲಲು ಬಂದ ತರುಣನ ಬೆನ್ನು ತಟ್ಟಿ, "ಒಳಗ ಜಾಗಾ ಐತಿ, ಹೋಗಪಾ" ಎಂದು ಕಳಿಸಿದ.

ನಮಾಜು ಮುಗಿದ ಮೇಲೆ ಕೇಳಿದೆ: "ಎಲ್ಲಾರೂ ಬಂದಾರಲ್ಲ ಕಾಕಾ, ಇನ್ನ ಯಾರ ಬರಬೇಕು?"

ಖಾಲಿ ಚಾಪೆಯ ಧೂಳು ಝಾಡಿಸಿ ಸುತ್ತುತ್ತ ಅಂದ: "ಬಂದಾರ, ಖರೆ. ಆ ಬಳಿಗಾರ ಬಂದಿಲ್ಲಲ್ಲೋ ತಮ್ಮಾ."