ತಾತನ ಸೇರು ಟಿವಿಗೆ ಹೋದದ್ದು

ನಾನು ಟಿವಿಯಲ್ಲಿ ಅತ್ತಿದ್ದೇನೆ. ಅದೂ ಎರಡು ಸಲ. ಮೊದಲನೆಯ ಸಲ ಅಳು ತಾನಾಗಿ ಬಂದಿತ್ತು, ಆದರೆ ಎಡಗಡೆಯ ಲೈಟು ಸರಿಯಾಗಿ ಬಿದ್ದಿರಲಿಲ್ಲವಂತೆ. "ಸೂಪರ್ ಸರ್, ಅದೇ ಥರ ಇನ್ನೊಂದ್ಸಲ ಮಾಡ್ಬಿಡಿ" ಎಂದು ನಿರ್ದೇಶಕಿ ಕೇಳಿಕೊಂಡಳು. ಮಾಡಿಬಿಟ್ಟೆ. ಪ್ರಸಾರವಾದದ್ದು ಆ ಎರಡನೆಯದು. ನೋಡಿದವರೆಲ್ಲ ಬಹಳ ಸಹಜವಾಗಿತ್ತು ಎಂದರು.

ಬಸವನಗುಡಿಯಲ್ಲಿ ಅರವತ್ತೈದು ವರ್ಷ ಮರ್ಯಾದೆಯಿಂದ ಬದುಕಿದವನು ನಾನು. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ರಿಯಾಲಿಟಿ ಶೋಗಳಲ್ಲಿ ಕಣ್ಣೊರೆಸಿಕೊಳ್ಳುವವರನ್ನು ಕಂಡಾಗಲೆಲ್ಲ, ಇವರಿಗೆ ಅಳುವುದಕ್ಕೆ ಮನೆಯಲ್ಲಿ ಜಾಗ ಇಲ್ಲವೇ ಎಂದು ಸೋಫಾದಿಂದಲೇ ವಿಚಾರಿಸುತ್ತಿದ್ದವನು. ಅಂಥವನು ಮುಖಕ್ಕೆ ಪೌಡರು ಬಳಿಸಿಕೊಂಡು, ಅಂಗಿಯೊಳಗೆ ಮೈಕು ಸಿಕ್ಕಿಸಿಕೊಂಡು ಸರದಿಯಲ್ಲಿ ಕೂತದ್ದಕ್ಕೆ ಕಾರಣ ಒಂದು ಹಿತ್ತಾಳೆ ಸೇರು.

ನಮ್ಮದು ಪೇಟೆಯ ಮನೆತನ. ತಾತ ರುದ್ರಪ್ಪನವರದು ಮಾಮೂಲ್‌ಪೇಟೆಯಲ್ಲಿ ದವಸದ ಅಂಗಡಿ. ರಾಗಿ, ಹುರುಳಿ, ಅವರೆ. ತಾತನ ತರುವಾಯ ಅಂಗಡಿ ಹೋಯಿತು, ಹಣೆಯ ವಿಭೂತಿ ಉಳಿಯಿತು, ಯಾವ ವಸ್ತುವಿಗೂ ಹೇಳಿದ ಬೆಲೆ ಕೊಡಬಾರದೆಂಬ ನಿಷ್ಠೆ ಉಳಿಯಿತು. ಜೊತೆಗೆ ಈ ಸೇರು ಉಳಿಯಿತು. ನನ್ನ ಹೆಂಡತಿ ಶಶಿಕಲಾ ಅದರಲ್ಲಿ ಬಟ್ಟೆ ಕ್ಲಿಪ್ಪು ಹಾಕಿಡುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚಾಗಿ ಉಳಿದದ್ದು ತಾತನ ಪ್ರಾಮಾಣಿಕತೆ. ನಮ್ಮ ಮನೆಯಲ್ಲಿ ಅದನ್ನು ಊಟದ ಜೊತೆ ಬಡಿಸುತ್ತಿದ್ದರು. ಪರೀಕ್ಷೆಯಲ್ಲಿ ನಂಬರು ಕಡಿಮೆ ಬಂದರೆ, ಸಿನಿಮಾಕ್ಕೆ ಹೋಗಿ ಲೈಬ್ರರಿಗೆ ಎಂದು ಹೇಳಿದರೆ, ನಮ್ಮಪ್ಪ ಗೋಡೆಯ ಮೇಲಿನ ಫೋಟೋ ತೋರಿಸುತ್ತಿದ್ದರು. "ನಿಮ್ಮ ತಾತ ಜನ್ಮದಲ್ಲಿ ಒಂದು ಕಾಳು ಕಡಿಮೆ ಅಳೆದೋರಲ್ಲ." ಫೋಟೋದಲ್ಲಿ ತಾತ ರುಮಾಲು ಸುತ್ತಿಕೊಂಡು, ಇಡೀ ಪೇಟೆಯ ಸತ್ಯವನ್ನು ಒಬ್ಬರೇ ಹೊತ್ತ ಮುಖ ಮಾಡಿಕೊಂಡಿದ್ದಾರೆ. ಅವರ ಬಗ್ಗೆ ನಮಗೆ ಗೊತ್ತಿದ್ದ ಇನ್ನೊಂದೇ ಸಂಗತಿ ಅವರಿಗೆ ಕೆಮ್ಮಿನ ಕಾಯಿಲೆ ಇತ್ತೆಂಬುದು. ಅಂಗಡಿಯಲ್ಲಿ ಕೂತರೆ ಕೆಮ್ಮು, ಮನೆಗೆ ಬಂದರೆ ಆರಾಮ. ಧೂಳಿನ ಕೆಲಸ, ಪಾಪ, ಎಂದು ನಾವೆಲ್ಲ ಮರುಗುತ್ತಿದ್ದೆವು.

ಹಳೆಯ ವಸ್ತು ತಂದು ಮಾರುವ ಆ ಕಾರ್ಯಕ್ರಮಕ್ಕೆ ಅರ್ಜಿ ಹಾಕಿದವಳು ಶಶಿ. ಕಾರ್ಯಕ್ರಮದ ಹೆಸರು ಹೇಳುವಂತಿಲ್ಲ, ಹದಿನಾಲ್ಕು ಪುಟದ ಕರಾರಿಗೆ ಓದದೆ ಸಹಿ ಹಾಕಿದ್ದೇನೆ. ಮಹಾರಾಜರ ಕಾಲದ್ದೆಂಬಂತೆ ಕಾಣುವ, ಥರ್ಮಾಕೋಲಿನಲ್ಲಿ ಮಾಡಿದ ಮೂರು ಸಿಂಹಾಸನ. ಅವುಗಳಲ್ಲಿ ದುಡ್ಡಿರುವ ಮೂವರು. ನಾವು ವಸ್ತು ಇಡಬೇಕು, ಕಥೆ ಹೇಳಬೇಕು, ಒಬ್ಬ ತಜ್ಞ ಪರೀಕ್ಷಿಸಬೇಕು, ಮೂವರೂ ಪೈಪೋಟಿಯಿಂದ ಬೆಲೆ ಕೂಗಬೇಕು. ಆಯ್ಕೆಯ ದಿನ ನಿರ್ದೇಶಕಿ ಸೇರನ್ನು ನೋಡಲೇ ಇಲ್ಲ. ನನ್ನನ್ನು ನೋಡಿ, "ಇದರ ಹಿಂದಿರೋ ನೋವು ಏನು ಸರ್?" ಎಂದಳು. ಇದರ ಒಳಗೆ ಬಟ್ಟೆ ಕ್ಲಿಪ್ಪಿತ್ತು, ಹಿಂದೆ ಏನೂ ಇರಲಿಲ್ಲ ಎಂದೆ. ನೋವಿಲ್ಲದ ವಸ್ತುವನ್ನು ವೀಕ್ಷಕರು ಒಪ್ಪುವುದಿಲ್ಲವೆಂದು ತಿಳಿಸಿ, ಒಂದು ವಾರ ಸಮಯ ಕೊಟ್ಟಳು. ನೋವು ಹುಡುಕಿಕೊಂಡು ಬರಲು.

ಆ ವಾರ ನಾನು ಅಳತೆಯ ಶಾಸ್ತ್ರದಲ್ಲಿ ಪಂಡಿತನಾದೆ. ಚಟಾಕು, ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ, ಖಂಡುಗ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಎಂಥ ಭವ್ಯ ಗೋಪುರ ಅದು! ಈಗಿನವರದು ಏನಿದ್ದರೂ ಕೆಜಿ, ಗ್ರಾಂ, ಮೇಲೊಂದು ಪ್ಲಾಸ್ಟಿಕ್ ಚೀಲ. ಇನ್ನೊಂದು ಸೊಗಸು ನೋಡಿ. ದವಸ ಅಳೆಯುವಾಗ ಪೇಟೆಯವರು ಒಂದು ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಲಾಭ, ಎರಡು, ಮೂರು, ನಾಲ್ಕು. ಮೊದಲ ಸೇರು ಸುರಿಯುವಾಗಲೇ ದೇವರಿಗೆ ವಿಷಯ ಸ್ಪಷ್ಟಪಡಿಸಿಬಿಡುವುದು. ಎಷ್ಟು ಶುಭ್ರವಾದ ಮನಸ್ಸು ಎಂದು ನಾನು ಮೆಚ್ಚಿಕೊಂಡೆ. ಯಾರ ಲಾಭ ಎಂದು ಕೇಳಿಕೊಳ್ಳಲಿಲ್ಲ.

ಚಿತ್ರೀಕರಣದ ದಿನ ತಜ್ಞರು ಬಂದರು. ಖಾದಿ ಜುಬ್ಬ, ಕೊರಳಲ್ಲಿ ಹೆಬ್ಬೆರಳು ಗಾತ್ರದ ಮಣಿಗಳು, ಪ್ರತಿ ವಾಕ್ಯದ ಮುಂಚೆ ಒಂದು ನಿಟ್ಟುಸಿರು. ಸೇರನ್ನು ತಲೆಕೆಳಗು ಮಾಡಿ ಭೂತಗನ್ನಡಿ ಹಿಡಿದರು. "ಸರ್ಕಾರದ ಮುದ್ರೆ ಇಲ್ಲ! ಅಂದ್ರೆ ಇದು ಮಾಮೂಲಿ ಸೇರಲ್ಲ, ಹೇಳಿ ಮಾಡಿಸಿರೋದು!" ಎಂದರು. ಸಭೆ ಚಪ್ಪಾಳೆ ತಟ್ಟಿತು. ಅಳತೆಯ ಸಾಮಾನಿಗೆ ಸರ್ಕಾರ ಏಕೆ ಮುದ್ರೆ ಒತ್ತಿರಲಿಲ್ಲವೆಂದು ಆ ಮುನ್ನೂರು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಸೀಲು ನೋಡಿಯೇ ಸಂಬಳ ತೆಗೆದುಕೊಂಡ ನನಗೂ ಹೊಳೆಯಲಿಲ್ಲ.

ಆಮೇಲೆ ಅವರು ತಮ್ಮ ಬಳಿಯಿದ್ದ ಮುದ್ರೆಯ ಸೇರಿನಿಂದ ರಾಗಿ ಅಳೆದು ನಮ್ಮದಕ್ಕೆ ಸುರಿದರು. ತುಂಬಲಿಲ್ಲ. ಒಂದು ಹಿಡಿ ಹಾಕಿದರು. ಅಂಚಿಗೆ ಸರಿಯಾಗಿ ನಿಂತಿತು. ಹಿನ್ನೆಲೆಯಲ್ಲಿ ಕೊಳಲು ಶುರುವಾಯಿತು. "ಸೇರಿಗೆ ಒಂದು ಹಿಡಿ ಜಾಸ್ತಿ! ಸರ್, ನಿಮ್ಮ ತಾತ ಎಂಥೋರು?"

ಆ ಗಳಿಗೆಯಲ್ಲಿ ನನಗೆ ಏನಾಯಿತೋ ಹೇಳಲಾರೆ. ಅಪ್ಪನ ಮಾತಿಗೆ ಇಷ್ಟು ವರ್ಷದ ಮೇಲೆ ಹಿತ್ತಾಳೆಯಲ್ಲೇ ಸಾಕ್ಷಿ ಸಿಕ್ಕಿತ್ತು. ನಮ್ಮ ತಾತ ಬಡವರಿಗೆಂದೇ ಈ ಸೇರು ಮಾಡಿಸಿದ್ದರು, ಯಾರಿಗೂ ಹೇಳದೆ ಸೇರಿಗೊಂದು ಹಿಡಿ ಜಾಸ್ತಿ ಕೊಡುತ್ತಿದ್ದರು ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಮಾಗಡಿ ಕಡೆಯಿಂದ ತಾತನ ಅಂಗಡಿಗೆ ರಾಗಿ ಹಾಕುತ್ತಿದ್ದ ರೈತರ ಮೊಮ್ಮಗ ನಂಜೇಗೌಡ ಇವತ್ತಿಗೂ ನನ್ನ ಗೆಳೆಯ. ಬೇಕಿದ್ದರೆ ಅವನನ್ನೇ ಕೇಳಿ" ಎಂದುಬಿಟ್ಟೆ. ಆಮೇಲೆ ಅತ್ತೆ. ಲೈಟು ಸರಿಮಾಡಿದ ಮೇಲೆ ಎಲ್ಲವನ್ನೂ ಮತ್ತೆ ಹೇಳಿ ಮತ್ತೆ ಅತ್ತೆ.

ಸೇರನ್ನು ಕೊಂಡವರು ಹೋಟೆಲಿನ ಮಾಲೀಕರು. ನಮ್ಮ ನಾಡಿನ ಊಟವನ್ನು ದೊಡ್ಡ ತಟ್ಟೆಯ ನಡುವೆ ನಿಂಬೆಹಣ್ಣಿನಷ್ಟು ಮುದ್ದೆಯಿಟ್ಟು ಬಡಿಸುವವರು. ಈ ಸೇರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೆಳಗೆ 'ಧಾರಾಳಿ ವ್ಯಾಪಾರಿಯ ಅಳತೆ' ಎಂದು ಬರೆಸುತ್ತೇನೆಂದರು. ಬೆಲೆ ಎಷ್ಟೆಂದು ಹೇಳುವುದಿಲ್ಲ. ಬಟ್ಟೆ ಕ್ಲಿಪ್ಪಿಗೆ ಶಶಿ ಹೊಸ ಡಬ್ಬಿ ಕೊಂಡ ಮೇಲೂ ಬಹಳ ಮಿಕ್ಕಿತು.

ಪ್ರಸಾರದ ಭಾನುವಾರ ಚಾಮರಾಜಪೇಟೆಯಿಂದ ಗಿರಿಜತ್ತೆಯನ್ನು ಕರೆಸಿದ್ದೆವು. ಅಪ್ಪನ ತಂಗಿ, ಎಂಬತ್ತಾರು ವರ್ಷ, ತಾತನ ಅಂಗಡಿಯನ್ನು ಕಣ್ಣಾರೆ ಕಂಡ ಕೊನೆಯ ಜೀವ. ತನ್ನ ತಂದೆಯ ಕೀರ್ತಿ ಟಿವಿಯಲ್ಲಿ ಬರುವುದನ್ನು ನೋಡಲಿ ಎಂದು ಮುಂದಿನ ಕುರ್ಚಿಯಲ್ಲೇ ಕೂರಿಸಿದೆ. ತಜ್ಞರು ಒಂದು ಹಿಡಿ ರಾಗಿ ಹಾಕಿದರು, ಕೊಳಲು ಬಂತು, ನಾನು ಅಳತೊಡಗಿದೆ. ಅತ್ತೆಯ ಭುಜ ಕುಲುಕುತ್ತಿತ್ತು. ಪಾಪ, ಅವರೂ ಅಳುತ್ತಿದ್ದಾರೆಂದು ಶಶಿ ನೀರು ತಂದಳು. ಅತ್ತೆ ನಗುತ್ತಿದ್ದರು. ಹಲ್ಲಿನ ಸೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡು ನಗುತ್ತಿದ್ದರು.

"ಅಯ್ಯೋ ಪೆದ್ದೇ, ಅದು ಕೊಳ್ಳೋ ಸೇರು ಕಣೋ! ಮಾರೋ ಸೇರು ನಮ್ಮನೇಲಿದೆ. ದಿನಾ ಅದ್ರಲ್ಲೇ ಅಕ್ಕಿ ಅಳೀತೀನಿ."

ನಾನು ಟಿವಿಯ ಸದ್ದು ತಗ್ಗಿಸಿದೆ.

"ರೈತ್ರ ಗಾಡಿ ಬಂದ್ರೆ ದೊಡ್ಡದು, ಗಿರಾಕಿ ಬಂದ್ರೆ ಚಿಕ್ಕದು. ಸ್ಕೂಲಿಗೆ ರಜ ಇದ್ದಾಗ ನಾನೇ ಅಪ್ಪಾಜಿ ಪಕ್ಕ ಕೂತು ಎತ್ತಿ ಕೊಡ್ತಿದ್ದೆ. ಅವ್ರು ಕೆಮ್ಮಿದ್ರೆ ದೊಡ್ಡದು ಕೊಡ್ಬೇಕು. ಸುಮ್ನಿದ್ರೆ ಚಿಕ್ಕದು."

ತಾತನ ಎದೆಯ ಕಾಯಿಲೆ ಹೀಗೆ ಒಂದೇ ವಾಕ್ಯದಲ್ಲಿ ಗುಣವಾದದ್ದು ನಮ್ಮ ವಂಶಕ್ಕೆ ಸಂತೋಷದ ಸಮಾಚಾರವೇ ಆಗಬೇಕಿತ್ತು. ಟಿವಿಯಲ್ಲಿ ನಾನು ಇನ್ನೂ ಅಳುತ್ತಿದ್ದೆ, ಸದ್ದಿಲ್ಲದೆ, ಬಾಯಿ ತೆರೆದು. ಅತ್ತೆಯ ಮನೆಯಲ್ಲಿ ಅಳೆದು ಅಳೆದು ಅನ್ನ ಮಾಡಿದರೂ ನೆಂಟರಿಗೆ ಯಾವಾಗಲೂ ಒಂದು ತುತ್ತು ಸಾಲದೆ ಬರುತ್ತಿದ್ದುದೇಕೆಂದು ಆ ದುಃಖದಲ್ಲೂ ನನಗೆ ಅರ್ಥವಾಯಿತು.

"ಯಾರ್ಗೂ ಹೇಳ್ಬೇಡಿ" ಎಂದಳು ಶಶಿ. ಅಷ್ಟರಲ್ಲಿ ಫೋನು ಬಂತು. ನಂಜೇಗೌಡ.

"ಗುರು, ಟಿವೀಲಿ ನೋಡ್ದೆ. ನನ್ನ ಹೆಸರು ಬೇರೆ ಹೇಳಿದೀಯ. ಊರಲ್ಲಿ ನಮ್ಮ ದೊಡ್ಡಪ್ಪನೂ ನೋಡಿದಾರೆ. ಸಿಗು, ಮಾತಾಡೋದಿದೆ."

ಗೌಡ ಇಪ್ಪತ್ತೆರಡು ವರ್ಷದ ಗೆಳೆಯ. ಸೈಟು ಮಾರಿಸುವ ವ್ಯವಹಾರ. ಪಾರ್ಕಿನ ಬೆಂಚಿನ ಮೇಲೆ ಪರಿಚಯವಾದಾಗ, ನಿಮ್ಮ ತಾತನ ಅಂಗಡಿಗೆ ನಮ್ಮ ತಾತ ರಾಗಿ ಹಾಕ್ತಿದ್ರು ಎಂದು ಅವನೇ ಗುರುತು ಹಿಡಿದಿದ್ದ. ಅಂದಿನಿಂದ ದಿನಾ ಬೆಳಗ್ಗೆ ಐದು ಸುತ್ತು, ಒಂದು ಕಾಫಿ. ನನ್ನ ಹೃದಯದ ಆಪರೇಷನ್ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಶಶಿಯ ಜೊತೆ ಕೂತಿದ್ದವನು ಅವನೊಬ್ಬನೇ. ಅಂಥವನ ತಾತನ ಗಾಡಿಯಿಂದ ನಮ್ಮ ತಾತ ವರ್ಷಗಟ್ಟಲೆ ಸೇರಿಗೊಂದು ಹಿಡಿ ಎತ್ತಿಕೊಂಡಿದ್ದರು. ನಾನು ಅದನ್ನು ದಾನವೆಂದು ಹೇಳಿ, ಅವನನ್ನೇ ಸಾಕ್ಷಿಗೆ ನಿಲ್ಲಿಸಿ, ಕಣ್ಣೀರು ಸುರಿಸಿ ಮಾರಿಬಿಟ್ಟಿದ್ದೆ. ತಾತನಾದರೂ ಕೆಮ್ಮಿ ಮೋಸ ಮಾಡಿದ್ದರು. ನಾನು ಮುನ್ನೂರು ಜನರಿಂದ ಚಪ್ಪಾಳೆ ಹೊಡೆಸಿಕೊಂಡು ಮಾಡಿದ್ದೆ.

ಸೋಮವಾರ ವಾಕಿಂಗಿಗೆ ಹೋಗಲಿಲ್ಲ. ಮಂಗಳವಾರ ಮಂಡಿನೋವು ತಂದುಕೊಂಡೆ. ಬುಧವಾರ ನೆಂಟರ ಮನೆಯ ನಾಮಕರಣವೆಂದು ಮೆಸೇಜು ಕಳಿಸಿದೆ, ಆ ನೆಂಟರಿಗೆ ಎಪ್ಪತ್ತು ದಾಟಿದೆ. ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಏನೂ ಆಗುವುದಿಲ್ಲ. ಅತ್ತೆ ನಾವಾಗಿ ಕರೆಸದೆ ಚಾಮರಾಜಪೇಟೆ ಬಿಟ್ಟು ಬರುವುದಿಲ್ಲ, ಗೌಡನಿಗೆ ತಿಳಿಯುವುದಿಲ್ಲ, ಗಾಜಿನ ಪೆಟ್ಟಿಗೆಯಲ್ಲಿ ತಾತ ಧಾರಾಳಿಯಾಗಿಯೇ ಇರುತ್ತಾರೆ. ಆದರೆ ಇನ್ನು ಮೇಲೆ ಅವನ ಜೊತೆ ಐದು ಸುತ್ತು ಹಾಕುವುದು ನನ್ನಿಂದ ಆಗುತ್ತಿರಲಿಲ್ಲ. ನನಗೆ ನಾಚಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಈ ವಯಸ್ಸಿನಲ್ಲಿ ಹೊಸ ಗೆಳೆಯ ಸಿಗುವುದಿಲ್ಲ.

ಗುರುವಾರ ಗೌಡ ತಾನೇ ಬಂದ. ಕೈಯಲ್ಲೊಂದು ಗೋಣಿಚೀಲ. ಬಾಗಿಲಲ್ಲಿ ಅದನ್ನಿಟ್ಟು, "ಎಲ್ಲಯ್ಯಾ ಹೋಗಿದ್ದೆ?" ಎಂದು ಕೂತ. ಶಶಿ ಕಾಫಿ ತಂದುಕೊಟ್ಟು, ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿ ಒಳಗೆ ಹೋದಳು. ನಾನು ಸುಮ್ಮನಿರಲಿಲ್ಲ. ಕೊಳ್ಳುವ ಸೇರು, ಮಾರುವ ಸೇರು, ಕೆಮ್ಮು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಗೌಡ ಕಾಫಿ ಮುಗಿಸಿ ಲೋಟ ಕೆಳಗಿಟ್ಟ.

"ಇದಕ್ಕಾ ನಾಮಕರಣಕ್ಕೆ ಹೋಗಿದ್ದು?" ಎಂದ. "ನಮ್ಮೂರಲ್ಲಿ ಇದು ಎಲ್ರಿಗೂ ಗೊತ್ತಿರೋದೇ ಗುರು. ರುದ್ರಪ್ಪನ ಸೇರು ಒಂದು ಹಿಡಿ ನುಂಗುತ್ತೆ ಅಂತ ನಮ್ಮ ತಾತ ಯಾವಾಗ್ಲೂ ಹೇಳೋರು."

"ಗೊತ್ತಿದ್ದೂ ನಮ್ಮ ಅಂಗಡಿಗೇ ಯಾಕೆ ಹಾಕ್ತಿದ್ರು?"

"ಪಕ್ಕದಂಗಡೀದು ಎರಡು ಹಿಡಿ ನುಂಗ್ತಿತ್ತು."

ನನ್ನ ಎದೆಯ ಮೇಲಿಂದ ಮೂಟೆ ಇಳಿಯಿತು. ನಮ್ಮ ಮನೆತನದ ಹೆಸರು ಪೂರ್ತಿ ಹಾಳಾಗಿರಲಿಲ್ಲ, ಆ ಬೀದಿಯ ದರದಲ್ಲಿ ಅರ್ಧದಷ್ಟು ಪ್ರಾಮಾಣಿಕತೆ ಇನ್ನೂ ಬಾಕಿ ಇತ್ತು. ಇದನ್ನಾದರೂ ಫೋಟೋದ ಕೆಳಗೆ ಬರೆಸಬಹುದು ಎಂದು ಯೋಚಿಸುತ್ತಿದ್ದಾಗ ಗೌಡ ಚೀಲವನ್ನು ನನ್ನ ಕಡೆ ಜರುಗಿಸಿದ.

"ದೊಡ್ಡಪ್ಪ ಕಳ್ಸಿದಾರೆ. ತೊಂಬತ್ತೆರಡು ವರ್ಷ ಈಗ. ಹುಡುಗ್ರಾಗಿದ್ದಾಗ ಗಾಡಿ ಹೊಡ್ಕೊಂಡು ನಿಮ್ಮಂಗಡಿಗೆ ಬರ್ತಿದ್ದೋರು ಅವ್ರೇ. ಟಿವೀಲಿ ಸೇರು ಕಂಡ ತಕ್ಷಣ ಗುರ್ತು ಹಿಡಿದ್ಬಿಟ್ರಂತೆ. ಹತ್ತು ಸೇರು ರಾಗಿ, ರುದ್ರಪ್ಪೋರ ಮೊಮ್ಮಗನಿಗೆ ಕೊಡು ಅಂದ್ರು. ಸೇರಿಗೊಂದು ಹಿಡಿ ಜಾಸ್ತಿ ಹಾಕಿದಾರೆ. ನಿಮ್ಮಂಗಡಿಗೆ ಅಳೆದು ಅಳೆದು ಕೈಗೆ ಹಂಗೇ ಅಭ್ಯಾಸ ಆಗ್ಬಿಟ್ಟಿದೆಯಂತೆ."

ನಾನು ಚೀಲದ ಬಾಯಿ ಬಿಚ್ಚಿ ಕೈ ಹಾಕಿದೆ. ಒಳ್ಳೆಯ ರಾಗಿ, ಒಂದು ಕಲ್ಲಿಲ್ಲ. ಟಿವಿಯಲ್ಲಿ ನಾನು ಹೇಳಿದ ಕಥೆ ಸುಳ್ಳಾಗಿರಲಿಲ್ಲ. ಯಾರಿಗೂ ಹೇಳದೆ ಸೇರಿಗೊಂದು ಹಿಡಿ ಜಾಸ್ತಿ ಕೊಟ್ಟ ಧಾರಾಳಿಗಳು ಮಾಮೂಲ್‌ಪೇಟೆಯ ಆ ಅಂಗಡಿಯಲ್ಲಿ ಇದ್ದದ್ದು ನಿಜ. ಅವರು ಗದ್ದುಗೆಯ ಮೇಲೆ ಕೂತಿರಲಿಲ್ಲ, ಹೊರಗೆ ಗಾಡಿಯ ಪಕ್ಕದಲ್ಲಿ ನಿಂತಿದ್ದರು.